ತಿರುಗಿಸಿದರೆ ಅಗಲವಾಗುವ ದುಂಡು ಮೇಜು: ಒಳಗಿನ ಲೆಕ್ಕ

ಪ್ರಶ್ನೆ: ಮಂಗಳೂರಿನ ಫ್ಲ್ಯಾಟಿನಲ್ಲಿ ನಾವು ಐದು ಮಂದಿ ಇದ್ದೇವೆ. ಊಟದ ಕೋಣೆ 10×11 ಅಡಿ. ನೆಂಟರು ಬಂದರೆ ಎಂಟು ಮಂದಿ ಕೂರುವಂತಾಗಬೇಕು. ಮೇಲ್ಭಾಗವನ್ನು ತಿರುಗಿಸಿದಾಗ ಹೋಳುಗಳು ಹೊರಗೆ ಸರಿದು, ಮೇಜು ದುಂಡಾಗಿಯೇ ದೊಡ್ಡದಾಗುವುದನ್ನು ವಿಡಿಯೊದಲ್ಲಿ ನೋಡಿದೆ. ನಮ್ಮ ಆಚಾರಿಯವರಿಂದ ಮಾಡಿಸಬಹುದೇ? ನಡುವಿನ ಹಲಗೆಗಳು ತಾವಾಗಿಯೇ ಮೇಲೆ ಬರುವಂತೆ ಮಾಡಲು ಸಾಧ್ಯವೇ?

ಉತ್ತರ: ಮಾಡಿಸಬಹುದು. ಆದರೆ ಹಲಗೆಗಳು ತಾವಾಗಿಯೇ ಮೇಲೆ ಬರುವ ಆಸೆಯನ್ನು ಮೊದಲ ಮೇಜಿನಲ್ಲಿ ಬಿಟ್ಟುಬಿಡಿ. ಅದಕ್ಕೆ ಹಲಗೆಗಳು ಹೋಳುಗಳ ಕೆಳಗೆ ಅಡಗಿರಬೇಕು, ಹೋಳು ಸರಿದ ಮೇಲೆಯೇ ಇಳಿಜಾರಿನ ಮೇಲೆ ಹತ್ತಿ ಬರಬೇಕು, ಎಲ್ಲವೂ ಅರ್ಧ ಮಿ.ಮೀ. ಒಳಗಿನ ನಿಖರತೆಯಲ್ಲಿ ಆಗಬೇಕು. ಮರದಲ್ಲಿ ಆ ನಿಖರತೆ ಒಂದು ಮಳೆಗಾಲವೂ ಬಾಳುವುದಿಲ್ಲ. ಲಂಡನ್ನಿನ ರಾಬರ್ಟ್ ಜೂಪ್ 1835ರಲ್ಲಿ ಪೇಟೆಂಟ್ ಪಡೆದ ಮೇಜಿನಲ್ಲೂ ತಿರುಗಿಸಿದರೆ ಹೋಳುಗಳು ಸರಿಯುತ್ತಿದ್ದವು, ನಡುವಿನ ಹಲಗೆಗಳನ್ನು ಮಾತ್ರ ಕೈಯಲ್ಲೇ ಇಡಬೇಕಿತ್ತು. ಅಷ್ಟು ಸಾಕು.

ದುಂಡು ಮೇಜನ್ನು ಆರು ಹೋಳು ಮಾಡಿ ಪ್ರತಿಯೊಂದನ್ನೂ ಕೇಂದ್ರದಿಂದ ನೇರ ಹೊರಕ್ಕೆ ಸರಿಸಿದರೆ, ಎರಡು ಹೋಳುಗಳ ನಡುವಿನ ಬಿರುಕು ಉದ್ದಕ್ಕೂ ಒಂದೇ ಅಗಲ ಇರುತ್ತದೆ. ಬೆಣೆಯಾಕಾರ ಆಗುವುದಿಲ್ಲ. ಆರು ಹೋಳಿಗೆ ಬಿರುಕಿನ ಅಗಲವೂ ಸರಿದ ದೂರವೂ ಒಂದೇ: 200 ಮಿ.ಮೀ. ಸರಿದರೆ 200 ಮಿ.ಮೀ. ಬಿರುಕು. ಎಂಟು ಹೋಳಾದರೆ ಬಿರುಕು ಸರಿದ ದೂರದ 0.765 ಪಾಲು ಮಾತ್ರ; ಹೊರ ಅಂಚು ಇನ್ನಷ್ಟು ದುಂಡಾಗುತ್ತದೆ, ಆದರೆ ಹೋಳು ಓಡುವ ಚಾನೆಲ್, ಅದನ್ನು ಎಳೆಯುವ ಪಿನ್, ನಡುವಿನ ಹಲಗೆ ಎಲ್ಲವೂ ಮೂರನೇ ಒಂದು ಪಾಲು ಹೆಚ್ಚು ಬೇಕು. ಮನೆಗೆ ಆರೇ ಸರಿ.

ಮುಚ್ಚಿದಾಗ 1100 ಮಿ.ಮೀ. ವ್ಯಾಸ, ಸರಿತ 200 ಎಂದು ಇಟ್ಟುಕೊಳ್ಳಿ. ತೆರೆದಾಗ ಸುಮಾರು 1480 ಆಗುತ್ತದೆ. ಒಬ್ಬರಿಗೆ 600 ಮಿ.ಮೀ. ಅಂಚು ಬೇಕೆಂದರೆ ಮುಚ್ಚಿದಾಗ ಐದು ಮಂದಿ ಆರಾಮವಾಗಿ, ತೆರೆದಾಗ ಎಂಟು ಮಂದಿ ಸ್ವಲ್ಪ ಒತ್ತಿಕೊಂಡು ಕೂರಬಹುದು. ನಿಮ್ಮ ಕೋಣೆಯ 10 ಅಡಿಯ ಕಡೆಯಲ್ಲಿ ಕುರ್ಚಿ ಹಿಂದೆ ಸರಿಸಲು ಎರಡೂ ಬದಿಗೆ 785 ಮಿ.ಮೀ. ಉಳಿಯುತ್ತದೆ. ಇದಕ್ಕಿಂತ ದೊಡ್ಡದು ಮಾಡಿದರೆ ಬಡಿಸುವವರು ಗೋಡೆಗೆ ಅಂಟಿಕೊಂಡು ಹೋಗಬೇಕಾದೀತು.

ಹೊರ ಅಂಚಿನಲ್ಲಿ ಒಂದು ಮೋಸ ಇದೆ. 550 ತ್ರಿಜ್ಯದಲ್ಲಿ ಕತ್ತರಿಸಿದ ಹೋಳು ಹೊರಗೆ ಹೋದಾಗ ಅದರ ನಡುಭಾಗ ಕೇಂದ್ರದಿಂದ 750ರಲ್ಲೂ ಮೂಲೆಗಳು 730ರಲ್ಲೂ ಇರುತ್ತವೆ. ಅಂದರೆ ತೆರೆದ ಮೇಜು ಆರು ಎಸಳಿನ ಹೂವಿನಂತೆ 20 ಮಿ.ಮೀ. ಉಬ್ಬು–ತಗ್ಗು. ಮೂಲೆಗಳನ್ನು 550ರಲ್ಲೇ ಇಟ್ಟು, ಹೋಳಿನ ಬಾಗನ್ನು 625 ತ್ರಿಜ್ಯದಲ್ಲಿ ಎಳೆಯಿರಿ. ಆಗ ಮುಚ್ಚಿದಾಗ 10, ತೆರೆದಾಗ 10 ಎಂದು ತಪ್ಪು ಹಂಚಿಹೋಗುತ್ತದೆ. ಊಟಕ್ಕೆ ಕೂತವರ ಕಣ್ಣಿಗೆ ಅದು ಬೀಳುವುದಿಲ್ಲ.

ಹೋಳುಗಳು ಸರಿದ ಮೇಲೆ ನಡುವೆ 200 ಬದಿಯ ಷಟ್ಕೋನ ಖಾಲಿ ಉಳಿಯುತ್ತದೆ. ಆರು ಹಲಗೆಗಳ ತುದಿಯನ್ನು ಚೂಪು ಮಾಡಿ ಕೇಂದ್ರದಲ್ಲಿ ಸೇರಿಸುವುದು ನೋಡಲು ಚೆಂದ, ಸೇರಿಸುವಾಗ ತಲೆನೋವು. ಷಟ್ಕೋನದ ಒಂದು ಪ್ರತ್ಯೇಕ ಹಲಗೆ, ಸುತ್ತ 200×557ರ ಆರು ಆಯತಗಳು ಸಾಕು. 557ರಲ್ಲಿ ಕೊನೆಯ 7 ಹೊರ ಅಂಚಿನ ಬಾಗಿಗೆ. ಒಂದು ಹಲಗೆ ಒಂದೂವರೆ ಕಿಲೋ ತೂಗುತ್ತದೆ. ಮಕ್ಕಳೂ ಎತ್ತಿ ಇಡಬಹುದು.

ಈಗ ಯಂತ್ರ. ಕೆಳಗಿನಿಂದ ಮೇಲಕ್ಕೆ ಮೂರು ಪದರ. ಮೇಜಿನ ನಡುವಿನ ಕಂಬಕ್ಕೆ ಗಟ್ಟಿಯಾಗಿ ಕೂರಿಸಿದ 750 ವ್ಯಾಸದ ಸುರುಳಿ ತಟ್ಟೆ (ಸುರುಳಿಯಾಕಾರದ ಆರು ಸ್ಲಾಟು ಕೊರೆದ ಹಲಗೆ). ಅದರ ಮೇಲೆ ತಿರುಗುವ 900 ವ್ಯಾಸದ ಹೊರುವ ಹಲಗೆ. ಅದರ ಮೇಲೆ ಆರು ದಿಕ್ಕಿಗೆ ಓಡುವ ರೀಪುಗಳು (ಮರದ ಪಟ್ಟಿಗಳು), ಪ್ರತಿ ರೀಪಿನ ನೆತ್ತಿಗೆ ಒಂದು ಹೋಳು. ಕೈಯಿಂದ ಮೇಜಿನ ಅಂಚು ಹಿಡಿದು ತಿರುಗಿಸಿದಾಗ ಸುರುಳಿ ತಟ್ಟೆ ನಿಂತಲ್ಲೇ ಇರುತ್ತದೆ. ರೀಪಿನ ಅಡಿಯ ಪಿನ್ ಸುರುಳಿ ಸ್ಲಾಟಿನಲ್ಲಿ ಓಡುತ್ತ ಹೋಳನ್ನು ಹೊರಗೆ ಎಳೆಯುತ್ತದೆ. ಇದನ್ನು ತಲೆಕೆಳಗು ಮಾಡಿ, ಮೇಲಿನದು ನಿಂತು ಕೆಳಗಿನ ತಟ್ಟೆ ತಿರುಗುವಂತೆ ಮಾಡಲು ಹೋದರೆ, ಹೊರುವ ಹಲಗೆಯನ್ನು ಕಂಬಕ್ಕೆ ಸೇರಿಸಲು ದಾರಿಯೇ ಇರುವುದಿಲ್ಲ. ತಟ್ಟೆ ನಡುವೆ ಅಡ್ಡ ಬರುತ್ತದೆ.

ಸುರುಳಿಯ ಓಟ ಎಷ್ಟು ಎಂಬುದೇ ಇಡೀ ಮೇಜಿನ ಜೀವಾಳ. 60 ಡಿಗ್ರಿ ತಿರುಗಿಸಿದರೆ ಪೂರ್ತಿ ತೆರೆಯಲಿ ಎಂದು ಬಯಸಿದರೆ ಸ್ಲಾಟ್ ತುಂಬ ಕಡಿದಾಗುತ್ತದೆ. ಒಳತುದಿಯಲ್ಲಿ ಅದು ಸುತ್ತಳತೆಯ ದಿಕ್ಕಿನಿಂದ 59 ಡಿಗ್ರಿ ಓರೆ. ಪಿನ್ನಿನ ಬಲ ಹೊರಕ್ಕೆ ಹೋಗುವ ಬದಲು ಪಕ್ಕಕ್ಕೆ ತಳ್ಳಿ ಚಾನೆಲನ್ನು ಕಚ್ಚಿಸುತ್ತದೆ. 150 ಡಿಗ್ರಿಯಲ್ಲಿ 200 ಮಿ.ಮೀ. ಎಂದು ಹಂಚಿದರೆ ಒಳತುದಿಯ ಓರೆ 34 ಡಿಗ್ರಿಗೆ ಇಳಿಯುತ್ತದೆ, ಹೊರತುದಿಯಲ್ಲಿ 14ರ ಆಸುಪಾಸು. ಎರಡೇ ಬೆರಳಿಗೆ ತಿರುಗದಿದ್ದರೂ ಒಂದು ಕೈಗೆ ಸರಾಗ.

ಸುರುಳಿ ಎಳೆಯುವುದು ಸುಲಭ. ತಟ್ಟೆಯ ಮೇಲೆ 15 ಡಿಗ್ರಿಗೊಂದು ಗೆರೆ ಹಾಕಿ. ಮೊದಲ ಗೆರೆಯಲ್ಲಿ ಕೇಂದ್ರದಿಂದ 115, ಮುಂದಿನದರಲ್ಲಿ 135, ಆಮೇಲೆ 155 ಹೀಗೆ 20ರಂತೆ ಏರಿಸುತ್ತ 11ನೇ ಗೆರೆಯಲ್ಲಿ 315ಕ್ಕೆ ಮುಟ್ಟಿ. ಅದೇ ಓರೆಯಲ್ಲಿ ಇನ್ನೂ 11 ಡಿಗ್ರಿ ಮುಂದುವರಿಸಿ 330ಕ್ಕೆ ನಿಲ್ಲಿಸಿ (ಯಾಕೆಂದು ಮುಂದೆ ಬರುತ್ತದೆ). ಒಳತುದಿಯನ್ನು 112ರವರೆಗೆ ಹಿಂದಕ್ಕೆ ಒಯ್ಯಿರಿ: ಗರಗಸ ತಿನ್ನುವ 3 ಮಿ.ಮೀ. ಕಾರಣ ಹೋಳುಗಳು ಅಷ್ಟು ಒಳಗೆ ಬಂದೇ ಕೂಡುತ್ತವೆ. ಬಿಂದುಗಳನ್ನು ತೆಳು ಪಟ್ಟಿ ಬಾಗಿಸಿ ಸೇರಿಸಿ. ಅದನ್ನೇ 60 ಡಿಗ್ರಿಗೊಮ್ಮೆ ಆರು ಸಲ. ಪಕ್ಕಪಕ್ಕದ ಸ್ಲಾಟುಗಳು ಕೇಂದ್ರದಿಂದ ಅಳೆದರೆ 80 ಮಿ.ಮೀ. ದೂರದಲ್ಲಿರುವುದರಿಂದ ನಡುವೆ ಸಾಕಷ್ಟು ಮರ ಉಳಿಯುತ್ತದೆ. ಕೈ ರೂಟರಿನಲ್ಲಿ ಮಾಡುವುದಾದರೆ ಒಂದೇ ಟೆಂಪ್ಲೇಟನ್ನು ಆರು ಸಲ ಬಳಸಬೇಕು, ಆರು ಸಲ ಗೆರೆ ಹಾಕಿ ಕೊರೆಯುವುದಲ್ಲ. ಬಾಗಿಲಿಗೆ ಕೆತ್ತನೆ ಮಾಡಿಕೊಡುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ರೂಟರಿನವರಿಗೆ ಚಿತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಇಡೀ ಮರಗೆಲಸದಲ್ಲಿ ಯಂತ್ರಕ್ಕೆ ದುಡ್ಡು ಕೊಡಬೇಕಾದದ್ದು ಇಲ್ಲೊಂದೇ ಕಡೆ.

ಪಿನ್ನಿಗೆ 8 ಮಿ.ಮೀ. ಹೈಟೆನ್ಸೈಲ್ ಬೋಲ್ಟ್, ತುದಿಗೆ 608 ಬೇರಿಂಗ್ ಎರಡು. ಆ ಬೇರಿಂಗಿನ ಹೊರ ವ್ಯಾಸ 22, ಹಾಗಾಗಿ ಸ್ಲಾಟ್ 22.5 ಇರಲಿ. 24 ಮಾಡಿದರೆ ತಿರುಗಿಸುವ ದಿಕ್ಕು ಬದಲಿಸಿದಾಗಲೆಲ್ಲ ಹೋಳುಗಳು ಟಕ್ ಎನ್ನುತ್ತವೆ. ಹೊರುವ ಹಲಗೆಯಲ್ಲಿ ಬೋಲ್ಟ್ ಹಾದುಹೋಗಲು ಕೇಂದ್ರದಿಂದ 105ರಿಂದ 338ರವರೆಗೆ 12 ಅಗಲದ ಆರು ನೇರ ಗಂಡಿ ಬೇಕು.

ರೀಪು 40×60ರದು. ಅದರ ಎರಡೂ ಪಕ್ಕಕ್ಕೆ ಡ್ರಾವರಿಗೆ ಹಾಕುವ 14 ಇಂಚಿನ ಟೆಲಿಸ್ಕೋಪಿಕ್ ಚಾನೆಲ್, ಹೊರಗೆ 18 ಮಿ.ಮೀ. ಪ್ಲೈವುಡ್ಡಿನ ಪಕ್ಕೆ. ಅಂದರೆ ಪ್ರತಿ ರೀಪೂ ಒಂದು ಸಪೂರ ಡ್ರಾವರ್. ಚಾನೆಲ್ ಒಂದಕ್ಕೆ 12.7 ಮಿ.ಮೀ. ಜಾಗ ಬೇಕು, ಎಲ್ಲ ಸೇರಿ 101 ಅಗಲ. ಇಂಥ ಆರು ಒಂದಕ್ಕೊಂದು ತಾಗದೆ ಕೂರಬೇಕಾದರೆ ಕೇಂದ್ರದಿಂದ 88 ದಾಟಿದ ಮೇಲೆಯೇ ಶುರುವಾಗಬೇಕು. 95ರಿಂದ ಶುರು ಮಾಡಿ, 445ಕ್ಕೆ ಮುಗಿಯುತ್ತದೆ. ಎತ್ತರ ಉಳಿಸಲೆಂದು ಚಾನೆಲನ್ನು ಅಡ್ಡ ಮಲಗಿಸಿ ಹೊಡೆಯುವವರಿದ್ದಾರೆ. ಮಾಡಬೇಡಿ. ಅವು ನಿಂತು ಭಾರ ಹೊರಲು ಮಾಡಿದವು. ಮಲಗಿಸಿದರೆ ತಾಳುವ ಭಾರ ಬಹಳ ಇಳಿಯುತ್ತದೆ, ಹೋಳಿನ ತುದಿ ಜೋಲುತ್ತದೆ. 350 ಮಿ.ಮೀ. ಚಾನೆಲಿನಲ್ಲಿ 218 ಮಾತ್ರ ಎಳೆಯುತ್ತಿರುವುದೂ ಇದೇ ಕಾರಣಕ್ಕೆ.

ಹೊರುವ ಹಲಗೆ ಕೇಂದ್ರದಲ್ಲಿ 20 ಮಿ.ಮೀ. ಬೋಲ್ಟಿನ ಮೇಲೆ, ಎರಡು 6204 ಬೇರಿಂಗ್ ಹಾಕಿ ತಿರುಗಲಿ. ಬೋಲ್ಟಿಗೆ ಹೆಗಲು ಕಡಿಸಲು ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಲೇತಿನವರು ಸಿಗುತ್ತಾರೆ. ಓಲಾಡದಿರಲು ಅದರ ಅಡಿಗೆ, ಕೇಂದ್ರದಿಂದ 358ರಲ್ಲಿ, 8 ಮಿ.ಮೀ. ದಪ್ಪದ ಬಿಳಿ ಪ್ಲಾಸ್ಟಿಕ್ ತುಂಡು ಆರು ಹೊಡೆಯಿರಿ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯನ್ನೇ ಕತ್ತರಿಸಬಹುದು. ಅವು ತಟ್ಟೆಯ ಅಂಚಿನ ಮೇಲೆ, ಸ್ಲಾಟುಗಳಿಂದ ಹೊರಗೆ ಜಾರುತ್ತವೆ. ಕೇಂದ್ರದಲ್ಲಿ 60 ಎತ್ತರದ ಮರದ ಗಟ್ಟಿ ಇಟ್ಟರೆ ಬೇರಿಂಗೂ ಅದರೊಳಗೆ ಅಡಗುತ್ತದೆ, ಷಟ್ಕೋನವೂ ಅದರ ಮೇಲೆ ಕೂರುತ್ತದೆ.

ಹೋಳುಗಳ ಅಂಚಿಗೆ ಮೂರು ಮೂರು ಮರದ ಗೂಟ, 7 ಮಿ.ಮೀ. ಹೊರಚಾಚಿರಲಿ, ಎದುರಿನ ಅಂಚಿನಲ್ಲಿ ತೂತು. ಹೋಳುಗಳು ಪರಸ್ಪರ ಅಂಚಿಗೆ ಲಂಬವಾಗಿಯೇ ಬಿಟ್ಟುಹೋಗುವುದರಿಂದ ಗೂಟಗಳು ನೇರ ಹೊರಬರುತ್ತವೆ, ನೇರ ಒಳಹೋಗುತ್ತವೆ. ತುಂಬುವ ಹಲಗೆಗೂ ಅದೇ ಜೋಡಿ. ಆದರೆ ಬಿರುಕು ಸರಿಯಾಗಿ 200 ಇದ್ದರೆ ಗೂಟವಿರುವ ಹಲಗೆಯನ್ನು ಒಳಗೆ ಇಡುವುದು ಹೇಗೆ? ಅದಕ್ಕೇ ಸ್ಲಾಟಿನಲ್ಲಿ 315ರಿಂದ 330ಕ್ಕೆ ಒಯ್ದ ಆ ಹೆಚ್ಚುವರಿ 15 ಮಿ.ಮೀ.: ಪೂರ್ತಿ ತೆರೆದು, ಹಲಗೆಗಳನ್ನಿಟ್ಟು, 11 ಡಿಗ್ರಿ ಹಿಂದೆ ತಿರುಗಿಸಿ ಬಿಗಿ ಮಾಡಿ. ಆ ಜಾಗದಲ್ಲೂ ಮುಚ್ಚಿದ ಜಾಗದಲ್ಲೂ ಒಂದೊಂದು ಟವರ್ ಬೋಲ್ಟ್ ಬೀಳುವಂತೆ ತೂತು ಇರಲೇಬೇಕು. ಇಲ್ಲದಿದ್ದರೆ ಯಾರೋ ಮೊಣಕೈ ಊರಿದಾಗ ಮೇಜು ತಿರುಗಿ, ಬಂಗುಡೆ ಗಸಿ ಚಾನೆಲಿನೊಳಗೆ ಇಳಿಯುತ್ತದೆ.

ಜೋಡಿಸುವಾಗ ರೀಪಿಗೆ ಹೋಳನ್ನು ಸ್ಕ್ರೂ ಮಾಡುವ ತೂತುಗಳು ಉದ್ದನೆಯವಾಗಿರಲಿ, 5 ಮಿ.ಮೀ. ಸ್ಕ್ರೂಗೆ 5×10. ಆರೂ ಹೋಳು ಮುಚ್ಚಿ, ಹಗ್ಗದಿಂದ ಸುತ್ತ ಬಿಗಿದು, ಚೂಪು ತುದಿಗಳು ಕೂಡಿದ ಮೇಲೆಯೇ ಬಿಗಿ ಮಾಡಿ. ಹೊರ ಅಂಚು 1 ಮಿ.ಮೀ. ಎದ್ದಿರುವಂತೆ ರೀಪಿನ ಹೊರತುದಿಗೆ ತೆಳು ತಗಡು ಕೊಡಿ. ತೆರೆದಾಗ ತನ್ನ ಭಾರಕ್ಕೆ ಅದು ಮಟ್ಟಕ್ಕೆ ಬರುತ್ತದೆ.

ಮೇಲ್ಭಾಗ, ತಟ್ಟೆ, ಹೊರುವ ಹಲಗೆ, ತುಂಬುವ ಹಲಗೆಗಳೆಲ್ಲ 18 ಮಿ.ಮೀ.ಯ 8×4 ಅಡಿಯ ಎರಡು ಶೀಟಿನಲ್ಲಿ ಹೊರಡುತ್ತವೆ. ಐಎಸ್ 710 ಮುದ್ರೆಯ (ಮರೀನ್ ದರ್ಜೆಯ) ಪ್ಲೈವುಡ್ಡನ್ನೇ ತನ್ನಿ. ಕಂಬದ ನಾಲ್ಕು ಕಾಲುಗಳು ಕೇಂದ್ರದಿಂದ 500 ಮಿ.ಮೀ. ಚಾಚಬೇಕು. ಆಗಲೂ 60 ಕಿಲೋದವರೊಬ್ಬರು ತೆರೆದ ಮೇಜಿನ ಅಂಚಿನ ಮೇಲೆ, ಎರಡು ಕಾಲುಗಳ ನಡುವೆ ಕುಳಿತರೆ, 66 ಕಿಲೋಗಿಂತ ಹಗುರವಾದ ಮೇಜು ಮಗುಚುತ್ತದೆ. ಕಂಬದ ಬುಡಕ್ಕೆ ಕಬ್ಬಿಣದ ತಟ್ಟೆ ಹಾಕಿ ಭಾರ ಮಾಡಿದರೆ ನಷ್ಟವಿಲ್ಲ.

ಪ್ರಶ್ನೆ: ಉಡುಪಿಯ ಹಳೆಮನೆ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಗಳಿವೆ. ಇಂಥ ಮೇಜಿನ ಮೇಲ್ಭಾಗಕ್ಕೆ ಅದನ್ನೇ ಬಳಸಬಹುದೇ?

ಉತ್ತರ: ಮೇಲ್ಭಾಗಕ್ಕೆ ಬೇಡ. ಸಾಗುವಾನಿಯಂಥ ಕಡಿಮೆ ಆಡುವ ಮರವೂ ತೇವ ಶೇ 1 ಏರಿದರೆ ನಾರಿಗೆ ಅಡ್ಡಲಾಗಿ ಸುಮಾರು ಶೇ 0.2 ಉಬ್ಬುತ್ತದೆ. ಏಪ್ರಿಲಿನಿಂದ ಜುಲೈಗೆ ತೇವ 4 ಅಂಕ ಏರಿತೆನ್ನಿ: ಹೋಳಿನ 550 ಅಗಲ 4.4 ಮಿ.ಮೀ. ಹೆಚ್ಚುತ್ತದೆ. ಸಾಮಾನ್ಯ ಮೇಜಿನಲ್ಲಿ ಅದು ಗೊತ್ತೇ ಆಗದು. ಇಲ್ಲಿ ಆರೂ ಹೋಳು ಒಂದನ್ನೊಂದು ತಳ್ಳಿ, ಮೇಜು ಸುಮಾರು 4 ಮಿ.ಮೀ. ತೆರೆದೇ ನಿಲ್ಲುತ್ತದೆ, ಮುಚ್ಚುವ ಬೋಲ್ಟ್ ಬೀಳುವುದಿಲ್ಲ. ಹಲಸನ್ನು 6 ಮಿ.ಮೀ. ಅಂಚುಪಟ್ಟಿಗೆ, ಕಂಬಕ್ಕೆ, ಕಾಲಿಗೆ, ರೀಪಿಗೆ ಬಳಸಿ. ಹಳೆಯ ಮರ ಚೆನ್ನಾಗಿ ಪಳಗಿರುತ್ತದೆ, ರೀಪು ತಿರುಚುವ ಭಯ ಕಡಿಮೆ. ಹಳೆ ಮೊಳೆ ಉಳಿದಿದೆಯೇ ಎಂದು ಆಯಸ್ಕಾಂತ ಆಡಿಸಿ ನೋಡಿಯೇ ಗರಗಸಕ್ಕೆ ಕೊಡಿ.

ಪ್ರಶ್ನೆ: ಮಲ್ಪೆಯಲ್ಲಿ ಮನೆ. ಇಂಥದ್ದೇ ಮೇಜು ಎರಡು ವರ್ಷ ಚೆನ್ನಾಗಿತ್ತು, ಈಗ ಎರಡು ಹೋಳು ಹಿಂದೆ ಉಳಿಯುತ್ತವೆ. ತೆಂಗಿನೆಣ್ಣೆ ಬಿಟ್ಟರೂ ಪ್ರಯೋಜನವಿಲ್ಲ.

ಉತ್ತರ: ತೆಂಗಿನೆಣ್ಣೆ ಬಿಟ್ಟದ್ದರಿಂದಲೇ ಅರ್ಧ ತೊಂದರೆ. ಅದು ಧೂಳು, ಅನ್ನದ ಅಗುಳು ಸೇರಿ ಗುಂಡುಗಳ ದಾರಿಯಲ್ಲಿ ಅಂಟಾಗುತ್ತದೆ. ಆ ಎರಡು ರೀಪುಗಳನ್ನು ಬಿಚ್ಚಿ, ಚಾನೆಲನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ತೊಳೆದು ಒಣಗಿಸಿ ಆಡಿಸಿ ನೋಡಿ. ಸರಾಗವಾಗಿದ್ದರೆ ಸಿಲಿಕೋನ್ ಸ್ಪ್ರೇ ತೆಳುವಾಗಿ ಹಾಕಿ. ಗರಗರ ಸದ್ದು ಬಂದರೆ ಉಪ್ಪುಗಾಳಿಗೆ ಸತುವಿನ ಲೇಪ ಹೋಗಿ ಗುಂಡುಗಳ ದಾರಿಗೆ ತುಕ್ಕು ಹಿಡಿದಿದೆ; ಅದು ಮತ್ತೆ ಸರಿಯಾಗದು, 304 ಸ್ಟೇನ್‌ಲೆಸ್ ಚಾನೆಲ್ ಹಾಕಿಸಿ. ಬದಲಿಸುವಾಗ ಒಂದು ರೀಪಿನ ಎರಡೂ ಪಕ್ಕದ್ದನ್ನು ಜೊತೆಯಾಗಿ ಬದಲಿಸಿ. ಒಂದು ಹಳತು ಒಂದು ಹೊಸತು ಇದ್ದರೆ ರೀಪು ಓರೆಯಾಗಿ ಮತ್ತೆ ಕಚ್ಚುತ್ತದೆ.