ಫ್ರಾಟರ್ನಿಟಿನೂ ಬೀದಿ ಗ್ಯಾಂಗೂ ಹುಡುಗರಿಗೆ ಕೊಡೋದು ಒಂದೇನಾ?

ಅಮೆರಿಕಾದ ಕಾಲೇಜು ಫ್ರಾಟರ್ನಿಟಿಗೂ ಬೀದಿ ಗ್ಯಾಂಗಿಗೂ ಅಂಥಾ ವ್ಯತ್ಯಾಸ ಏನಿದೆ, ಎರಡೂ "ನೀನು ನಮ್ಮವನು" ಅಂತ ಹೇಳೋದೇ ತಾನೇ ಅಂತ ಕೇಳಿದೀರ. ಫ್ರಾಟರ್ನಿಟಿ ಅಂದ್ರೆ ಕಾಲೇಜು ಹುಡುಗರು ತಮಗೆ ಬೇಕಾದವರನ್ನ ಆರಿಸಿ ಸೇರಿಸ್ಕೊಳ್ಳೋ ಸಂಘ, ಹೆಸರು ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳಲ್ಲಿರುತ್ತೆ. ಕೊಡೋದು ಒಂದೇ ಕಣ್ರೀ, ಕೊಡೋ ರೀತಿನೂ ಮುಕ್ಕಾಲು ಪಾಲು ಒಂದೇ. ಆದ್ರೆ ಒಳಗೆ ಹೋದವನು ಹೊರಗೆ ಹೇಗೆ ಬರ್ತಾನೆ ಅನ್ನೋದ್ರಲ್ಲಿ ಅಜಗಜಾಂತರ ಇದೆ, ಮತ್ತೆ ಆ ಅಂತರ ಹುಡುಗರ ಗುಣದಿಂದ ಬಂದಿದ್ದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ಎಂಎಸ್ ಮಾಡಿದ್ದು ಲಾಸ್ ಏಂಜಲೀಸಿನ ಯುಎಸ್‌ಸಿ, ಅಂದ್ರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಲಿ. ಕ್ಯಾಂಪಸ್ಸಿನ ಉತ್ತರಕ್ಕೆ 28ನೇ ಸ್ಟ್ರೀಟು, ಅಲ್ಲಿ ಸಾಲಾಗಿ ಫ್ರಾಟರ್ನಿಟಿ ಮನೆಗಳು, ಎದುರಿಗೆ ದೊಡ್ಡದಾಗಿ ಗ್ರೀಕ್ ಅಕ್ಷರ, ಎಲ್ಲರೂ ಅದನ್ನ 'ದಿ ರೋ' ಅಂತಾರೆ. ದಕ್ಷಿಣಕ್ಕೆ ಒಂದಷ್ಟು ಮೈಲಿ ಹೋದ್ರೆ 1970ರ ಆಸುಪಾಸಲ್ಲಿ ಕ್ರಿಪ್ಸ್ ಗ್ಯಾಂಗ್ ಹುಟ್ಟಿದ ಬೀದಿಗಳು, ಇನ್ನೂ ಮುಂದೆ ಕಾಂಪ್ಟನ್, ಅಲ್ಲಿನ ಪೈರು ಸ್ಟ್ರೀಟಿನ ಹುಡುಗರು ಕ್ರಿಪ್ಸ್ ಕಾಟ ತಡೀಲಾರದೆ ಬೇರೆ ಬೀದಿಯವರನ್ನ ಸೇರಿಸ್ಕೊಂಡಿದ್ರಿಂದಾನೇ 1972ರಲ್ಲಿ ಬ್ಲಡ್ಸ್ ಅನ್ನೋ ಎದುರಾಳಿ ಗ್ಯಾಂಗ್ ಆಗಿದ್ದು. ರಷ್ ಅಂತಾರೆ, ಫ್ರಾಟರ್ನಿಟಿಯವರು ಹೊಸಬರನ್ನ ಆರಿಸ್ಕೊಳ್ಳೋ ಸಮಯ, ಆವಾಗ ರೋ ಕಡೆ ಹೋದ್ರೆ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಹದಿನೆಂಟರ ಹುಡುಗರು ಮನೆಯಿಂದ ಮನೆಗೆ ಅಲೀತಿರ್ತಾರೆ, ಮುಖದಲ್ಲಿ ನಗು, ಕೈಯಲ್ಲಿ ನಡುಕ. ಬಿಡ್ ಅಂದ್ರೆ ಸೇರ್ಕೋ ಅನ್ನೋ ಆಹ್ವಾನ. ಅದು ಸಿಕ್ಕಿದ ಒಬ್ಬ ಹುಡುಗನ್ನ ಹಿರಿಯರು ತಬ್ಬಿ ಎತ್ತಿ ಕುಣಿಸಿದ್ರು, ಆಮೇಲೆ ಅವನು ಫುಟ್‌ಪಾತಿಗೆ ಬಂದು ಅಮ್ಮನಿಗೆ ಫೋನ್ ಮಾಡಿ "ನನ್ನನ್ನ ತಗೊಂಡ್ರಮ್ಮ" ಅಂತ ಅಳ್ತಿದ್ದ. ಅಷ್ಟು ಎತ್ತರದ ಹುಡುಗ.

ಅದೇ ಕಾಲದಲ್ಲಿ ನಾನು ಕ್ಯಾಂಪಸ್ ಕಿಚನ್ನಲ್ಲಿ ಪಾರ್ಟ್ ಟೈಮ್ ಮಾಡ್ತಿದ್ದೆ. ಅಲ್ಲಿ ಗ್ರಿಲ್ ನೋಡ್ಕೊಳ್ತಿದ್ದವರಿಗೆ ನಲವತ್ತು ದಾಟಿತ್ತು, ಕತ್ತಿನ ಒಂದು ಕಡೆ ಚರ್ಮ ಮಾತ್ರ ತಿಳಿಯಾಗಿತ್ತು, ಲೇಸರ್ ಹೊಡೆಸಿ ಟ್ಯಾಟೂ ತೆಗೆಸಿದ ಜಾಗ ಅದು. ಚಿಕ್ಕವನಿದ್ದಾಗ ಸ್ಕೂಲಿಂದ ಮನೆಗೆ ಬರೋ ದಾರಿಲಿ ಬೇರೆ ಬೀದಿ ಹುಡುಗರು ಅಡ್ಡ ಹಾಕಿ "ಎಲ್ಲಿಯವನು ನೀನು" ಅಂತ ಕೇಳೋರಂತೆ. ಆ ಏರಿಯಾಲಿ ಹಾಗೆ ಕೇಳಿದ್ರೆ ಯಾವ ಗ್ಯಾಂಗಿನವನು ಅಂತ ಅರ್ಥ, ತಪ್ಪು ಉತ್ತರಕ್ಕೆ ಜೀವಾನೇ ಹೋಗಿರೋದುಂಟು. "ಯಾರ ಕಡೆಯವನೂ ಅಲ್ಲ ಅಂದ್ರೂ ಏಟು ಬೀಳ್ತಿತ್ತು, ಹಂಗಾಗಿ ಯಾರದಾದ್ರೂ ಕಡೆ ಇರೋದೇ ವಾಸಿ ಅನ್ನಿಸ್ತು" ಅಂದ್ರು. "ನಮ್ಮ ಬೀದಿಯವರು ಮೊದಲು ಸುತ್ತ ನಿಂತು ಹೊಡೆದ್ರು, ಸೇರಿಸ್ಕೊಳ್ಳೋ ಪದ್ಧತಿ ಅದು, ಆಮೇಲೆ ಎಬ್ಬಿಸಿ ತಬ್ಬಿಕೊಂಡ್ರು, ನನ್ನನ್ನ ಒಬ್ಬ ಗಂಡಸು ತಬ್ಬಿಕೊಂಡಿದ್ದು ಅದೇ ಮೊದಲು" ಅಂದ್ರು. ಈರುಳ್ಳಿ ಹೆಚ್ಚುತ್ತಾ ಹೇಳಿದ ಮಾತು ಅದು. ರೋ ಹುಡುಗನ ಅಳು ನೋಡಿದ್ದ ನನಗೆ ಎರಡೂ ಒಂದೇ ಹಸಿವು ಅಂತ ಆವಾಗ ಅನ್ನಿಸಿದ್ದು ಇವತ್ತಿಗೂ ಬದಲಾಗಿಲ್ಲ.

ಇನ್ನು ಹೋಲಿಕೆ ಅಂದ್ರೆ ಬಣ್ಣ, ಕೈ ಸನ್ನೆ, ಅಡ್ಡಹೆಸರು, 'ಬ್ರದರ್' ಅಂತ ಕರೆಯೋದು, ಹೊರಗಿನವರಿಗೆ ಬಾಯಿ ಬಿಡಬಾರದು ಅನ್ನೋ ಕಟ್ಟಳೆ, ಎಲ್ಲಾ ಎರಡೂ ಕಡೆ ಇದೆ. ಸೇರೋವಾಗ ನೋವು ತಿನ್ನಿಸೋದೂ ಇದೆ. ಎಂಎಸ್-13 ಗ್ಯಾಂಗಲ್ಲಿ ಹದಿಮೂರು ಸೆಕೆಂಡು ಎಣಿಸ್ತಾ ಹೊಡೀತಾರೆ, ಫ್ರಾಟರ್ನಿಟಿಲಿ ನಿದ್ದೆ ಕೆಡಿಸೋದು, ಅವಮಾನ ಮಾಡೋದು, ಬಾಟಲಿಗಟ್ಟಲೆ ಕುಡಿಸೋದು, ಅದಕ್ಕೆ ಹೇಜಿಂಗ್ ಅಂತಾರೆ. ನೋವು ತಿಂದೋನು ಓಡಿ ಹೋಗಲ್ವಾ ಅಂದ್ರೆ ಇಲ್ಲ, ಇನ್ನೂ ಅಂಟ್ಕೋತಾನೆ. 1959ರಲ್ಲಿ ಆರನ್‌ಸನ್ ಮತ್ತೆ ಮಿಲ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗೀರ ಮೇಲೆ ಒಂದು ಪ್ರಯೋಗ ಮಾಡಿದ್ರು, ಒಂದು ಚರ್ಚಾ ಗುಂಪಿಗೆ ಸೇರೋಕೆ ಕೆಲವರಿಗೆ ತುಂಬಾ ಮುಜುಗರದ ಪರೀಕ್ಷೆ, ಕೆಲವರಿಗೆ ಸುಲಭದ್ದು, ಆಮೇಲೆ ಎಲ್ಲರಿಗೂ ಕೇಳಿಸಿದ್ದು ಬೇಕಂತಲೇ ಬೋರಾಗಿ ಮಾಡಿದ್ದ ಒಂದೇ ಚರ್ಚೆ. ಮುಜುಗರ ಪಟ್ಟು ಬಂದವರೇ ಆ ಗುಂಪು ಚೆನ್ನಾಗಿದೆ ಅಂದಿದ್ದು. ಇಷ್ಟು ಕಷ್ಟಪಟ್ಟು ಬಂದಿದೀನಿ, ಇದು ಬೆಲೆ ಇಲ್ಲದ್ದು ಅಂತ ಒಪ್ಕೊಳ್ಳೋಕೆ ಮನಸ್ಸು ಬರಲ್ಲ.

ಹುಟ್ಟಿದ ಕಥೆನೂ ಕೆಲವು ಕಡೆ ಹತ್ತಿರ ಹತ್ತಿರ. ಕಾರ್ನೆಲ್ ಯೂನಿವರ್ಸಿಟಿಲಿ ಕಪ್ಪು ಜನಾಂಗದ ಹುಡುಗರನ್ನ ಯಾರೂ ಹತ್ತಿರ ಸೇರಿಸ್ತಿರಲಿಲ್ಲ, 1906ರಲ್ಲಿ ಏಳು ಜನ ಸೇರಿ ಆಲ್ಫಾ ಫೈ ಆಲ್ಫಾ ಅನ್ನೋ ಫ್ರಾಟರ್ನಿಟಿ ಕಟ್ಟಿದ್ರು, ಮಾರ್ಟಿನ್ ಲೂಥರ್ ಕಿಂಗ್ ಕೂಡ ಅದರ ಸದಸ್ಯರು. ಎರಡನೇ ಮಹಾಯುದ್ಧದ ಹೊತ್ತಿನ ಲಾಸ್ ಏಂಜಲೀಸಲ್ಲಿ ಬಿಳಿ ಹುಡುಗರ ಗುಂಪುಗಳು ಹೊಡೀತಿದ್ವು ಅಂತ ಕಪ್ಪು ಹುಡುಗರು ಬೀದಿ ಕ್ಲಬ್ಬುಗಳನ್ನ ಕಟ್ಕೊಂಡ್ರು. ಎಂಎಸ್-13 ಶುರುವಾಗಿದ್ದು 1980ರ ದಶಕದಲ್ಲಿ, ಎಲ್ ಸಾಲ್ವಡಾರಿನ ಯುದ್ಧ ತಪ್ಪಿಸ್ಕೊಂಡು ಬಂದ ಮನೆಗಳ ಹುಡುಗರಿಂದ. ನಮ್ಮ ಇಂಡಿಯನ್ ಮನೆಗಳ ಹುಡುಗರಿಗೂ 1998ರಲ್ಲಿ ಟೆಕ್ಸಾಸಿನ ಆಸ್ಟಿನ್ನಲ್ಲಿ ಶುರುವಾದ ಡೆಲ್ಟಾ ಎಪ್ಸಿಲಾನ್ ಸೈ ಅಂತ ಒಂದು ಸೌತ್ ಏಷ್ಯನ್ ಫ್ರಾಟರ್ನಿಟಿ ಇದೆ.

ಹಾಗಂತ ಎರಡೂ ಒಂದೇ ತೂಕ ಅಂತ ನಾನು ಹೇಳ್ತಿಲ್ಲ. ಗ್ಯಾಂಗಿನಿಂದ ಎಷ್ಟೋ ತಾಯಂದಿರು ಮಕ್ಕಳನ್ನ ಕಳ್ಕೊಂಡಿದಾರೆ, ದಾರಿಲಿ ಹೋಗ್ತಿದ್ದವರೂ ಗುಂಡಿಗೆ ಸತ್ತಿದಾರೆ. ಫ್ರಾಟರ್ನಿಟಿ ಸೇರಿದ ಬಹುಪಾಲು ಹುಡುಗರು ನಾಲ್ಕು ವರ್ಷ ಗೆಳೆತನ ಮಾಡಿ ಡಿಗ್ರಿ ತಗೊಂಡು ಹೊರಡ್ತಾರೆ, ಆಮೇಲೂ ಹಳೇ ಬ್ರದರ್ಸ್ ಕೆಲಸ ಕೊಡಿಸ್ತಾರೆ. ಅಲ್ಲೇ ಇರೋದು ವಿಷಯ, ಅದಕ್ಕೊಂದು ಕೊನೇ ದಿನ ಇದೆ, ಗ್ಯಾಂಗಲ್ಲಿ ಕಾನ್ವೊಕೇಶನ್ ಇಲ್ಲ, ಬೀದಿ ಬಿಟ್ಟು ಹೋಗೋಕೆ ದುಡ್ಡೂ ಇಲ್ಲ.

ಮತ್ತೆ ನೋಡೋರ ಕಣ್ಣೂ ಬೇರೆ. 1973ರಲ್ಲಿ ವಿಲಿಯಂ ಚಾಂಬ್ಲಿಸ್ ಅನ್ನೋ ಸಮಾಜಶಾಸ್ತ್ರಜ್ಞರು ಒಂದೇ ಹೈಸ್ಕೂಲಿನ ಎರಡು ಗುಂಪಿನ ಬಗ್ಗೆ ಬರೆದ್ರು, ಅನುಕೂಲಸ್ಥ ಮನೆಯ ಎಂಟು ಹುಡುಗರು, ಬಡವರ ಮನೆಯ ಆರು ಹುಡುಗರು, ಪುಂಡಾಟ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಪೊಲೀಸರ ಕೈಗೆ ಸಿಗ್ತಿದ್ದಿದ್ದು ಆ ಆರು ಜನ ಮಾತ್ರ. ಕ್ಯಾಲಿಫೋರ್ನಿಯಾ ಪೊಲೀಸರ ಗ್ಯಾಂಗ್ ಡೇಟಾಬೇಸನ್ನ 2016ರಲ್ಲಿ ಆಡಿಟ್ ಮಾಡಿದಾಗ, ಹೆಸರು ಸೇರಿಸಿದಾಗ ಒಂದು ವರ್ಷಾನೂ ತುಂಬಿಲ್ಲದವರು ಅಂತ ದಾಖಲಾಗಿದ್ದೋರು 42 ಜನ ಸಿಕ್ಕಿದ್ರು! ಇನ್ನೊಂದು ಕಡೆ 2017ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಫ್ರಾಟರ್ನಿಟಿ ಮನೆಲಿ 19 ವರ್ಷದ ಹುಡುಗ, ಸೇರಿಸಿಕೊಂಡ ರಾತ್ರಿನೇ ಕುಡಿಸಿದ್ದು ಜಾಸ್ತಿಯಾಗಿ ಮೆಟ್ಟಿಲಿಂದ ಬಿದ್ದ, ಹತ್ತಿರ ಹತ್ತಿರ ಹನ್ನೆರಡು ಗಂಟೆ ಯಾರೂ ಆಂಬುಲೆನ್ಸ್ ಕರೀಲಿಲ್ಲ, ಸತ್ತೋದ. ಮನೆ ತುಂಬಾ 'ಬ್ರದರ್ಸ್' ಇದ್ರು. ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಗ್ಯಾಂಗಿಂದ ಹುಡುಗರನ್ನ ಬಿಡಿಸೋಕೆ ಅರೆಸ್ಟ್ ಒಂದೇ ಸಾಲಲ್ಲ, ಅಲ್ಲಿ ಸಿಗ್ತಿದ್ದಿದ್ದು ಬೇರೆ ಕಡೆ ಸಿಗಬೇಕು. ಫಾದರ್ ಗ್ರೆಗ್ ಬಾಯ್ಲ್ ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸಲ್ಲಿ 1988ರಲ್ಲಿ ಶುರು ಮಾಡಿದ ಕೆಲಸ, ಈಗ ಹೋಮ್‌ಬಾಯ್ ಇಂಡಸ್ಟ್ರೀಸ್ ಅಂತ ಇದೆ, ಅಲ್ಲಿ ಬೇಕರಿಲಿ ಎದುರಾಳಿ ಗ್ಯಾಂಗಿನವರು ಒಂದೇ ಟೇಬಲ್ಲಲ್ಲಿ ಹಿಟ್ಟು ನಾದ್ತಾರೆ, ಟ್ಯಾಟೂ ಬಿಟ್ಟಿಯಾಗಿ ತೆಗೀತಾರೆ. ನಮ್ಮ ಗ್ರಿಲ್ಲಿನವರೂ ಕತ್ತಿಂದು ತೆಗೆಸಿದ್ದು ಅಲ್ಲೇ.

ನಿಮ್ಮ ಮನೆ ಹುಡುಗ ಯಾರಾದ್ರೂ ಅಲ್ಲಿ ಓದ್ತಾ ಫ್ರಾಟರ್ನಿಟಿ ಸೇರ್ತೀನಿ ಅಂದ್ರೆ ಬೇಡ ಅಂತ ಬೈಬೇಡಿ, ಒಂಟಿಯಾಗಿದ್ದಾನೆ ಅಂತ ಅರ್ಥ ಅದು. 2024ರ ಡಿಸೆಂಬರಲ್ಲಿ ಬಂದ ಫೆಡರಲ್ ಕಾಯ್ದೆ ಪ್ರಕಾರ ಕಾಲೇಜುಗಳು ಯಾವ ಯಾವ ಸಂಘ ಹೇಜಿಂಗ್ ಮಾಡಿ ತಪ್ಪಿತಸ್ಥ ಅಂತಾಯ್ತು ಅನ್ನೋದನ್ನ ವೆಬ್‌ಸೈಟಲ್ಲಿ ಹಾಕಬೇಕು, ಮೊದಲು ಅದನ್ನ ತೆಗೆದು ನೋಡಿ. ಆಮೇಲೆ ಅಲ್ಲಿರೋ ಸೀನಿಯರ್ ಒಬ್ಬನ್ನ ಕೇಳೋಕೆ ಹೇಳಿ, ಸೇರಿ ಅರ್ಧಕ್ಕೇ ಬಿಟ್ಟವರು ಯಾರಾದ್ರೂ ಇದಾರಾ, ಅವರ ಜೊತೆ ಇವರೆಲ್ಲ ಈಗಲೂ ಮಾತಾಡ್ತಾರಾ ಅಂತ.