ದಕ್ಷಿಣ ಕೊರಿಯಾದ ಬ್ಯಾಡ್ಮಿಂಟನ್ ಆಟಗಾರ ಲೀ ಯೊಂಗ್-ಡೇ ಅವರ 2008ರ ಒಲಿಂಪಿಕ್ ಚಿನ್ನ, ಫಲಿತಾಂಶಗಳ ಪಟ್ಟಿಯಲ್ಲಿ ಸಿಗುತ್ತಿಲ್ಲ ಎಂಬ ಪ್ರಶ್ನೆಗೆ

ನೀವು ಪುರುಷರ ಡಬಲ್ಸ್ ಪಟ್ಟಿ ನೋಡುತ್ತಿದ್ದೀರಿ ಅನ್ನಿಸುತ್ತದೆ. ನಿಮ್ಮ ಪಟ್ಟಿ ನಾನು ನೋಡಿಲ್ಲ, ಆದರೆ ಬಹುಶಃ ಇದೇ ಕಾರಣ. ಬೀಜಿಂಗ್ ಚಿನ್ನ ಬಂದದ್ದು ಮಿಕ್ಸೆಡ್ ಡಬಲ್ಸ್‌ನಲ್ಲಿ (ಗಂಡು-ಹೆಣ್ಣು ಜೋಡಿಯ ಆಟ), ಜೊತೆಗಾರ್ತಿ ಲೀ ಹ್ಯೋ-ಜಂಗ್ ಜೊತೆ.

ಮೊದಲು ಮಿಕ್ಸೆಡ್ ಡಬಲ್ಸ್ ಪಟ್ಟಿ ತೆರೆಯಿರಿ. ಫೈನಲ್‌ನಲ್ಲಿ ಇಂಡೋನೇಷ್ಯಾದ ನೋವಾ ವಿದಿಯಾಂಟೊ, ಲಿಲಿಯಾನಾ ನಾಟ್ಸಿರ್ ವಿರುದ್ಧ 21-11, 21-17 ಎಂದಿರುತ್ತದೆ. ಆಗ ಲೀ ಯೊಂಗ್-ಡೇ ಅವರಿಗಿನ್ನೂ 19 ವರ್ಷ! ಆ ಪಂದ್ಯ ಸಿಕ್ಕರೆ ಬಿಡದೆ ನೋಡಿ.

ಆಮೇಲೆ ಪುರುಷರ ಡಬಲ್ಸ್‌ಗೆ ಬನ್ನಿ. 2012ರ ಲಂಡನ್ ಕಂಚು ಅಲ್ಲಿದೆ. ಜೊತೆಗಾರನ ಹೆಸರು ಕೆಲವು ಕಡೆ ಚಂಗ್ ಜೇ-ಸಂಗ್, ಕೆಲವು ಕಡೆ ಜಂಗ್ ಜೇ-ಸಂಗ್ ಎಂದಿರುತ್ತದೆ. ಒಬ್ಬರೇ ಆಟಗಾರ, ಎರಡೂ ಹಾಕಿ ಹುಡುಕಿ. 2016ರ ರಿಯೊಗೆ ಆಗಿನ ಜೊತೆಗಾರ ಯೂ ಯೋನ್-ಸಿಯಾಂಗ್ ಹೆಸರು ಹಾಕಿ. ಆಗ ವಿಶ್ವದ ನಂಬರ್ 1 ಆಗಿದ್ದ ಈ ಜೋಡಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿತು.

2014ರ ಆರಂಭ ಖಾಲಿ ಕಂಡರೆ ಅದು ಪಟ್ಟಿಯ ತಪ್ಪಲ್ಲ. ಡೋಪಿಂಗ್ ಪರೀಕ್ಷೆಗೆ ತಾವಿರುವ ಜಾಗದ ಮಾಹಿತಿ ಸರಿಯಾಗಿ ಹೋಗಿರಲಿಲ್ಲ ಎಂದು ಲೀ ಯೊಂಗ್-ಡೇ ಅವರಿಗೆ ಒಂದು ವರ್ಷ ನಿಷೇಧ ಹಾಕಿದ್ದರು, ಏಪ್ರಿಲ್‌ನಲ್ಲಿ ತೆಗೆದರು. ಮದ್ದು ತೆಗೆದುಕೊಂಡ ಪ್ರಕರಣ ಅಲ್ಲವೇ ಅಲ್ಲ. ದಯವಿಟ್ಟು ಹಾಗೆ ಬರೆಯಬೇಡಿ.