ಹೆಪಟೈಟಿಸ್ ಬಿ ಇದ್ದೂ ಯಾವ ತೊಂದರೆಯೂ ಕಾಣದಿದ್ದರೆ, ಮುಂದೆ ಲಿವರ್ ಕೆಡುವುದುಂಟೇ?

ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇರುವುದು ತಿಳಿಯಿತು, ಈವರೆಗೆ ಕಾಮಾಲೆ ಆಗಿಲ್ಲ, ಎಸ್‌ಜಿಪಿಟಿ (ಲಿವರ್ ಕೋಶಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಕೂಡ ಸಹಜವಾಗಿದೆ, ಹಾಗಿದ್ದರೂ ಹೆದರಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ವೈರಸ್ಸಿನೊಂದಿಗೆ 14 ವರ್ಷ ಕಳೆದವನು. ಹೆದರಬೇಕಾಗಿಲ್ಲ, ಆದರೆ ಮರೆಯುವಂತೆಯೂ ಇಲ್ಲ.

ಸೋಂಕು ಆರು ತಿಂಗಳು ದಾಟಿಯೂ ರಕ್ತದಲ್ಲಿ ಉಳಿದರೆ ಅದನ್ನು ದೀರ್ಘಕಾಲಿಕ ಎನ್ನುತ್ತಾರೆ. ಹುಟ್ಟುವಾಗ ತಾಯಿಯಿಂದ ತಗುಲಿದವರಲ್ಲಿ ಸುಮಾರು 90 ಶೇಕಡಾ ಮಂದಿಗೆ ಅದು ಹಾಗೆಯೇ ಉಳಿಯುತ್ತದೆ. ವಯಸ್ಕರಾದ ಮೇಲೆ ತಗುಲಿದವರಲ್ಲಿ ಉಳಿಯುವುದು 5 ಶೇಕಡಾಕ್ಕಿಂತ ಕಡಿಮೆ ಜನರಿಗೆ. ಲಿವರ್ ಕೋಶಗಳನ್ನು ಬಹುಮಟ್ಟಿಗೆ ಕೊಲ್ಲುವುದು ವೈರಸ್ಸಲ್ಲ, ಅದನ್ನು ಹುಡುಕಿಕೊಂಡು ಬರುವ ನಮ್ಮದೇ ರೋಗನಿರೋಧಕ ಶಕ್ತಿ. ಈ ಕಾದಾಟ ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಕೆರಳಬಹುದು, ಕೆರಳಿದಾಗಲೆಲ್ಲ ಒಂದಿಷ್ಟು ಗಾಯದ ಕಲೆ ಉಳಿಯಬಹುದು, ಆ ಕಲೆಗಳು ದಶಕಗಳಲ್ಲಿ ಕೂಡಿಕೊಂಡು ಲಿವರ್ ಗಂಟುಗಂಟಾಗುವುದೇ ಸಿರೋಸಿಸ್. ಎಸ್‌ಜಿಪಿಟಿ ಹೇಳುವುದು ಪರೀಕ್ಷೆ ಮಾಡಿದ ದಿನದ ಸ್ಥಿತಿಯನ್ನು ಮಾತ್ರ.

ಇದು ನನಗೆ ತಿಳಿದದ್ದು ತಡವಾಗಿ. ಮೊದಲ ವರದಿ ಚೆನ್ನಾಗಿದ್ದುದರಿಂದ ಮೂರು ವರ್ಷ ತಪಾಸಣೆಗೇ ಹೋಗಲಿಲ್ಲ. ಆಮೇಲೆ ಹೋದಾಗ ಎಸ್‌ಜಿಪಿಟಿ ನಾಲ್ಕು ಪಟ್ಟು ಏರಿತ್ತು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರು: ಮೂರು ಗಂಟೆ ಏನೂ ತಿನ್ನದೆ ಹೋಗಿ, ಅಂಗಾತ ಮಲಗಿ, ಬಲಗೈ ತಲೆಯ ಮೇಲಿಟ್ಟರೆ, ಪಕ್ಕೆಲುಬುಗಳ ಸಂದಿನಲ್ಲಿ ಯಾರೋ ಬೆರಳಿನಿಂದ ಚಿಮ್ಮಿದಂತೆ ಹತ್ತಾರು ಸಲ ತಟ್ಟುತ್ತದೆ, ಅಷ್ಟೇ. ಕಲೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು, ನನ್ನದು 9.8 ಕಿಲೋಪ್ಯಾಸ್ಕಲ್ ಬಂತು. ಉರಿಯೂತ ಇರುವಾಗ ಅಂಕಿ ತುಸು ಹೆಚ್ಚೇ ತೋರುತ್ತದೆ ಎಂದು ವೈದ್ಯರು ಹೇಳಿದರೂ ಆ ರಾತ್ರಿ ನಿದ್ದೆ ಬರಲಿಲ್ಲ. ವೈರಸ್ಸನ್ನು ಅದುಮಿಡುವ ಟೆನೊಫೊವಿರ್ ಮಾತ್ರೆ ಆರಂಭಿಸಿ ಕೆಲವು ವರ್ಷಗಳಾದ ಮೇಲೆ ಅದು 6.4ಕ್ಕೆ ಇಳಿಯಿತು, ಕಲೆ ಕರಗುವುದೂ ಉಂಟು.

ಹೆಪಟೈಟಿಸ್ ಸಿ ಆಗಿದ್ದರೆ 8ರಿಂದ 12 ವಾರಗಳ ಮಾತ್ರೆಗಳಲ್ಲಿ ಬಹುತೇಕ ಎಲ್ಲರಿಗೂ ಗುಣವಾಗುತ್ತದೆ. ಬಿ ವೈರಸ್ ಮಾತ್ರ ಕೋಶಕೇಂದ್ರದೊಳಗೆ ತನ್ನದೊಂದು ಪ್ರತಿಯನ್ನು ಇಟ್ಟುಬಿಡುವುದರಿಂದ, ಇಂದಿನ ಔಷಧಗಳು ಅದನ್ನು ಅದುಮಿಡುತ್ತವೆಯೇ ಹೊರತು ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ. ಎಲ್ಲರಿಗೂ ಔಷಧ ಬೇಕಾಗುವುದೂ ಇಲ್ಲ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ), ಎಸ್‌ಜಿಪಿಟಿ, ಕಲೆಯ ಪ್ರಮಾಣ, ವಯಸ್ಸು ಮತ್ತು ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಇತ್ತೇ ಎಂಬುದನ್ನು ನೋಡಿ ತಜ್ಞರು ನಿರ್ಧರಿಸುತ್ತಾರೆ. ಶುರುಮಾಡಿದ ಮೇಲೆ ನಾವಾಗಿಯೇ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಕೆರಳಬಹುದು.

ಕ್ಯಾನ್ಸರ್ ವಿಷಯದಲ್ಲಿ ಬಿ ಇನ್ನೂ ಕಪಟಿ: ಸಿರೋಸಿಸ್ ಆಗದೆಯೂ ಗಡ್ಡೆ ಬೆಳೆಯಬಹುದು. ಹೀಗಾಗಿ ಅಪಾಯ ಹೆಚ್ಚಿರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ನೀವು ಆ ಗುಂಪಿಗೆ ಸೇರುತ್ತೀರಾ ಎಂದು ಕೇಳಿ ತಿಳಿಯಿರಿ. ಸಂಗಾತಿ, ಒಡಹುಟ್ಟಿದವರು ಮತ್ತು ಮಕ್ಕಳ ರಕ್ತ ಪರೀಕ್ಷಿಸಿ, ಸೋಂಕು ಇಲ್ಲದವರಿಗೆ ಲಸಿಕೆ ಹಾಕಿಸಿ. ಮದ್ಯ ಬಿಡಿ. ಬೇರಾವುದೋ ಕಾಯಿಲೆಗೆ ಯಾರಾದರೂ ದೀರ್ಘಕಾಲದ ಸ್ಟೀರಾಯ್ಡ್ ಅಥವಾ ಕೀಮೋ ಸೂಚಿಸಿದರೆ, ಮೊದಲ ಡೋಸ್ ತೆಗೆದುಕೊಳ್ಳುವ ಮುನ್ನವೇ ಈ ಸೋಂಕಿನ ವಿಷಯ ಹೇಳಿ, ಏಕೆಂದರೆ ಅಂಥ ಔಷಧಗಳಿಂದ ಮಲಗಿದ್ದ ವೈರಸ್ ಮತ್ತೆ ಏಳಬಹುದು.